ಕೇದಿಗೆಯ ಚಾಪೆಗೆ ಇಳಕಲ್ ಅಂಚು

ಸೆಫೀನಾ ಬಾಗಿಲಲ್ಲೇ ನಿಂತುಬಿಟ್ಟಳು. ಕೈಯಲ್ಲಿದ್ದ ಹಣ್ಣಿನ ಚೀಲವನ್ನೂ ಕೆಳಗಿಡಲಿಲ್ಲ.

ಸಿಡ್ನಿಯ ಕೆಲ್ಲಿವಿಲ್ಲಿನ ಆ ಮನೆಯಲ್ಲಿ ತಿಂಗಳ ಶಿವಾನುಭವ ಗೋಷ್ಠಿ ಆಗಷ್ಟೇ ಮುಗಿದಿತ್ತು. ವಚನ ಹಾಡಿ ದಣಿದ ಚನ್ನಮಲ್ಲಪ್ಪನವರು ಹಜಾರದ ನಡುವೆ ಹಾಸಿದ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬಿಸಿನೀರು ಗುಟುಕರಿಸುತ್ತಿದ್ದರು. ಮನೆಯೊಡತಿ ಮಹಾಶ್ವೇತಾ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಆಕೆ ಆಸ್ಪತ್ರೆಯ ಔಷಧ ವಿಭಾಗದವಳು. ಸೆಫೀನಾ ಅಲ್ಲಿಯೇ ನರ್ಸು, ಸಮೋವಾ ದ್ವೀಪದ ಕಡೆಯವಳು. ವರ್ಷಗಳಿಂದ ಒಂದೇ ಮೇಜಿನಲ್ಲಿ ಬುತ್ತಿ ಬಿಚ್ಚುವ ಗೆಳತಿಯನ್ನು ಊಟಕ್ಕೆ ಕರೆದದ್ದು ಇದೇ ಮೊದಲು.

"ಬಾ ಸೆಫೀನಾ, ಚಪ್ಪಲಿ ಅಲ್ಲೇ ಬಿಡು."

"ಬರ್ತೀನಿ. ಮೊದಲು ಅವರನ್ನ ಅದರ ಮೇಲಿಂದ ಏಳಿಸು."

ಮಾತು ಇಂಗ್ಲಿಷಿನಲ್ಲಿದ್ದರೂ ಚನ್ನಮಲ್ಲಪ್ಪನವರಿಗೆ ನೋಟ ಅರ್ಥವಾಯಿತು. "ಯಾಕವ್ವಾ, ಹಾವು ಗೀವು ಬಂದೈತೇನು?" ಎನ್ನುತ್ತ ಮೊಣಕಾಲು ಹಿಡಿದುಕೊಂಡು ಎದ್ದರು.

ಸೆಫೀನಾ ಒಳಬಂದು ಚಾಪೆಯ ಪಕ್ಕ ಮಂಡಿಯೂರಿದಳು. ಅದರ ತುದಿಯನ್ನು ಎರಡೂ ಕೈಯಲ್ಲಿ ಎತ್ತಿದಾಗ ಅದು ಚಾಪೆಯಂತೆ ಸೆಟೆದು ನಿಲ್ಲದೆ, ಹಳೆಯ ಧೋತರದಂತೆ ಬೆರಳುಗಳ ಮೇಲೆ ಮಡಚಿ ಬಿತ್ತು. "ಇದು ಕೂತುಕೊಳ್ಳೋ ಚಾಪೆ ಅಲ್ಲ ಶ್ವೇತಾ. ಇಯೆ ತೋಗಾ ಅಂತೀವಿ. ಹುಟ್ಟು, ಮದುವೆ, ಸಾವು ಯಾವುದಕ್ಕಾದರೂ ಇದನ್ನ ಹೊತ್ತು ತಂದು ಕೊಡ್ತಾರೆ. ಒಂದನ್ನ ಹೆಣೆಯೋಕೆ ವರ್ಷಗಟ್ಟಲೆ ಬೇಕು." ಅವಳ ಬೆರಳು ಅಂಚಿನ ಗುಂಟ ಸರಿದು ನಿಂತಿತು. "ಇಲ್ಲಿ ಕೆಂಪು ಪುಕ್ಕ ಇರಬೇಕಿತ್ತು. ಎಲ್ಲಿ?"

"ನಾನೇ ಕತ್ತರಿಸಿದೆ," ಎಂದಳು ಮಹಾಶ್ವೇತಾ.

ಅದನ್ನು ಅಪರಾಧವೆಂದು ಯಾರೂ ಅದುವರೆಗೆ ಅವಳಿಗೆ ಹೇಳಿರಲಿಲ್ಲ. ಆ ಚಾಪೆ ಪಕ್ಕದ ಮನೆಯ ಮಿಸೆಸ್ ಲಿಂಡ್‌ನರ್ ಕೊಟ್ಟದ್ದು. ಮುದುಕಿ ಮನೆ ಮಾರಿ, ಮೆಲ್ಬರ್ನಿನಲ್ಲಿರುವ ಮಗನ ಹತ್ತಿರದ ವೃದ್ಧಾಶ್ರಮಕ್ಕೆ ಹೊರಟು ನಿಂತಾಗ ಮಹಾಶ್ವೇತಾ ಧಾರವಾಡದ ಪದ್ಧತಿ ಬಿಡದೆ ಕುಂಕುಮ ಹಚ್ಚಿ, ಅಕ್ಕಿ, ಕಾಯಿ, ಕುಬಸದ ಕಣ ಹಾಕಿ ಉಡಿ ತುಂಬಿದ್ದಳು. ಮುದುಕಿ ಆ ಕಾಯಿಯನ್ನು ಎದೆಗೊತ್ತಿಕೊಂಡು ನಕ್ಕು, ಪಿಯಾನೊ ಕೆಳಗೆ ಹಾಸಿದ್ದ ಇದನ್ನು ಸುತ್ತಿ ಕೈಗಿಟ್ಟಿದ್ದಳು: "ನನ್ನ ಅಜ್ಜ ಸಮೋವಾದಲ್ಲಿ ಜರ್ಮನ್ ಕೊಬ್ಬರಿ ಕಂಪನಿಯಲ್ಲಿದ್ದ. ಅಲ್ಲಿಯ ಜನ ಪ್ರೀತಿಯಿಂದ ಕೊಟ್ಟದ್ದಂತೆ."

ಲಿಂಗಪೂಜೆಗೆ ಕೂರುವ, ಜಂಗಮರನ್ನು ಕೂರಿಸುವ ಆಸನದ ಮೇಲೆ ಕೊಂದ ಹಕ್ಕಿಯ ಪುಕ್ಕ ಇರುವುದುಂಟೇ? ಮಹಾಶ್ವೇತಾ ಅವನ್ನು ಒಂದೊಂದಾಗಿ ಕತ್ತರಿಸಿ, ಕಸದ ಡಬ್ಬಿಗೆ ಹಾಕಲು ಮನಸ್ಸಾಗದೆ ಹಿತ್ತಲ ನಿಂಬೆ ಗಿಡದ ಬುಡದಲ್ಲಿ ಹೂತಿದ್ದಳು. ಬೋಳಾದ ಅಂಚಿಗೆ ತೀರಿಹೋದ ತಾಯಿಯ ಇಳಕಲ್ ಸೀರೆಯ ಕೆಂಪು ದಡಿಯನ್ನು ಎರಡೆಳೆ ದಾರದಲ್ಲಿ ಹೊಲಿದಿದ್ದಳು. ಬಂದವರೆಲ್ಲ ಚಂದ ಅಂದಿದ್ದರು.

ಸೆಫೀನಾ ಬೈಯಲಿಲ್ಲ. ಊಟವನ್ನೂ ಮಾಡಿದಳು. ರೊಟ್ಟಿ ಮುರಿಯುತ್ತ ತಗ್ಗಿದ ದನಿಯಲ್ಲಿ ಹೇಳಿದಳು. "ನಮ್ಮ ದ್ವೀಪದ ಮೇಲೆ ಜರ್ಮನ್ನರ ಬಾವುಟ ಹಾರುತ್ತಿದ್ದಾಗ ನಮ್ಮ ಮುಖಂಡರು ಎದುರು ಮಾತಾಡಿದರು. ಅವರನ್ನ ಹೆಂಡತಿ ಮಕ್ಕಳ ಸಮೇತ ಯುದ್ಧದ ಹಡಗಿಗೆ ಹತ್ತಿಸಿ ಸೈಪಾನ್ ಅನ್ನೋ ದ್ವೀಪಕ್ಕೆ ಸಾಗಿಸಿದರು. ನಮ್ಮ ಮುತ್ತಜ್ಜನೂ ಹೋದ. ಕೆಲವರು ತಿರುಗಿ ಬರಲೇ ಇಲ್ಲ. ಹಿಂದೆ ಉಳಿದ ಮನೆಯಿಂದ ಚಾಪೆಗಳು ಹೋದವು ಅಂತ ಅಮ್ಮ ಹೇಳ್ತಾಳೆ. ಅದೇ ಇದು ಅಂತ ನಾನು ಹೇಳಲ್ಲ. ಆದರೆ ಇಂಥದ್ದನ್ನ ಯಾರೂ ಪಿಯಾನೊ ಕೆಳಗೆ ಹಾಸಲಿ ಅಂತ ಕೊಡಲ್ಲ ಶ್ವೇತಾ." ಹೊರಡುವಾಗ ಇಷ್ಟೇ ಕೇಳಿದಳು: "ಅಮ್ಮ ಮೆಲ್ಬರ್ನಿನಲ್ಲಿದ್ದಾಳೆ. ಇನ್ನು ಬಹಳ ದಿನ ಇಲ್ಲ. ಅವಳ ಕೈಗೆ ಇದನ್ನ ಕೊಡ್ತೀಯಾ?"

ಅಂದಿನಿಂದ ಮಹಾಶ್ವೇತಾಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಚಾಪೆಯನ್ನು ಸುತ್ತಿ ಕಪಾಟಿನಲ್ಲಿಟ್ಟಳು. ಕಪಾಟಿನಿಂದ ತೆಗೆದು ಮಂಚದ ಮೇಲಿಟ್ಟಳು. ಪೂಜೆಗೆ ಕೂತರೆ ಅಂಗೈಯಲ್ಲಿನ ಲಿಂಗದ ಮೇಲೆ ನೋಟ ನಿಲ್ಲದೆ ಬರಿ ನೆಲದತ್ತ ಜಾರುತ್ತಿತ್ತು. ಹೆಣೆದದ್ದು ಕೇದಿಗೆಯ ಜಾತಿಯ ಗಿಡದ ಎಲೆಯಲ್ಲಿ ಎಂದು ಸೆಫೀನಾಳಿಂದ ತಿಳಿದ ಮೇಲಂತೂ ಮುಗಿದೇಹೋಯಿತು. ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ಶಿವನ ಮುಡಿಯಿಂದ ದೂರಾದ ಆ ಕೇದಿಗೆ ಹೂವಿನ ಕತೆಯನ್ನು ಅವಳು ಅವ್ವನ ತೊಡೆಯ ಮೇಲೆ ಕೂತು ಕೇಳಿದವಳು. ಪ್ರೀತಿಯಿಂದ ಕೊಟ್ಟದ್ದು ಅಂತ ಒಬ್ಬಳು. ಹಾಗೆ ಕೊಡುವುದಿಲ್ಲ ಅಂತ ಇನ್ನೊಬ್ಬಳು. ಯಾರ ಸಾಕ್ಷಿ ನಿಜ?

"ಕೊಟ್ಟುಬಿಡು ಅತ್ಲಾಗ," ಎಂದ ಗಂಡ ವಿರುಪಾಕ್ಷ, ಲ್ಯಾಪ್‌ಟಾಪಿನಿಂದ ತಲೆಯೆತ್ತದೆ. "ಒಂದು ಚಾಪಿ ಸಲುವಾಗಿ ಮನೀ ತುಂಬ ತಿರಗಾಡಾಕತ್ತಿ. ಇಲ್ಲೇ ಇರಾಕ ಪಿಆರ್ ಬರೋ ಮುಂದೂ ಹಿಂಗ ಒದ್ದಾಡಿಲ್ಲ ನೀ."

"ಕೊಟ್ಟಾಕಿನ್ನ ಕೇಳದ ಹೆಂಗ ಕೊಡ್ಲಿರೀ? ಉಡಿ ತುಂಬಿ, ತಿರುಗಿ ತಗೊಂಡದ್ದು ಅದು."

"ಫೋನ್ ಮಾಡಿ ಕೇಳು."

"ಫೋನಿನ್ಯಾಗ ಕೇಳೋ ಮಾತಲ್ಲ ಬಿಡ್ರಿ."

"ಆಕಿ ಬ್ಯಾಡ ಅಂದ್ರ?"

ಅವಳು ಮಂಚದ ಮೇಲಿನ ಚಾಪೆಯನ್ನು ಮತ್ತೆ ಸುತ್ತತೊಡಗಿದಳು. ವಿರುಪಾಕ್ಷ ನಿಟ್ಟುಸಿರು ಬಿಟ್ಟು ಮೆಲ್ಬರ್ನಿಗೆ ಶನಿವಾರದ ಟಿಕೆಟ್ ಬುಕ್ ಮಾಡಿದ. ಹೊರಡುವ ಮುನ್ನ ಅವಳು ನಿಂಬೆ ಗಿಡದ ಬುಡ ಕೆದಕಿದಳು. ಪುಕ್ಕಗಳ ಕೆಂಪು ಕರಗಿಹೋಗಿತ್ತು, ಮಣ್ಣು ಮೆತ್ತಿದ ಒಂದಷ್ಟು ಕಡ್ಡಿ ಸಿಕ್ಕವು. ಅವನ್ನು ಮಣ್ಣಿನ ಸಮೇತ ಸ್ಟೀಲಿನ ಡಬ್ಬಿಗೆ ಹಾಕಿದಳು. ವಿಮಾನದಲ್ಲಿ ಚಾಪೆಯನ್ನು ಮೇಲಿನ ಗೂಡಿಗೆ ಏರಿಸದೆ ಮಡಿಲಲ್ಲೇ ಇಟ್ಟುಕೊಂಡಳು.

ಬಾಕ್ಸ್ ಹಿಲ್ಲಿನ ವೃದ್ಧಾಶ್ರಮದ ಮೇಲಂತಸ್ತಿನಲ್ಲಿ ಮಿಸೆಸ್ ಲಿಂಡ್‌ನರ್ ಕಿಟಕಿಯ ಬಳಿ ಗಾಲಿಕುರ್ಚಿಯಲ್ಲಿದ್ದಳು. ಇವಳನ್ನು ಕಂಡು ಮುಖ ಅರಳಿಸಿದವಳು, ಸೆಫೀನಾ ಹೇಳಿದ್ದನ್ನು ಕೇಳುತ್ತ ಕೇಳುತ್ತ ಮುದುಡಿದಳು.

"ನನ್ನ ಅಜ್ಜ ಕದ್ದ ಅಂತ ಹೇಳೋಕೆ ಸಿಡ್ನಿಯಿಂದ ಬಂದೆಯಾ?"

"ಕದ್ದರು ಅನ್ನಲಿಲ್ಲ. ಯಾರು ಕೊಟ್ಟರು ಅಂತ ಕೇಳೋಕೆ ಬಂದೆ."

"ಅಲ್ಲಿಯ ಒಬ್ಬ ಮುಖಂಡ."

"ಅವರ ಹೆಸರು?"

ಮುದುಕಿ ಕಿಟಕಿಯತ್ತ ತಿರುಗಿದಳು. ಅಜ್ಜನ ಕುದುರೆಯ ಹೆಸರು ಆಕೆಗೆ ಗೊತ್ತಿತ್ತು. ಸಿಡ್ನಿಯ ಬೇಲಿಯಾಚೆಯಿಂದ ಎಷ್ಟೋ ಸಲ ಹೇಳಿದ್ದಳು. ಅವನನ್ನು ಹ್ಯಾಂಬರ್ಗಿಗೆ ಒಯ್ದ ಹಡಗಿನ ಹೆಸರೂ ಗೊತ್ತಿತ್ತು, ಅಡುಗೆಯವನ ನಾಯಿಯದೂ ಗೊತ್ತಿತ್ತು. ಟ್ರಾಮ್ ಒಂದು ಕೆಳಗೆ ಗಂಟೆ ಬಾರಿಸಿತು.

"ನಿನಗೆ ಕೊಟ್ಟೆ ನಾನು, ಅವರಿಗಲ್ಲ," ಎಂದಳು ಕೊನೆಗೆ. "ನಿನಗೆ ಬೇಡವಾದರೆ ನನಗೇ ಇಟ್ಟು ಹೋಗು."

ಮಹಾಶ್ವೇತಾ ಚಾಪೆಯನ್ನು ಮಡಿಲಿಗೆ ಎಳೆದುಕೊಂಡಳು. ಇದೇ ಮಾತಿಗೆ ಹೆದರಿದ್ದಳು. ಇದೇ ಊರಿನ ಇನ್ನೊಂದು ತುದಿಯ ಡಾಂಡೆನಾಂಗಿನಲ್ಲಿ, ಮೊದಲೇ ಬಂದಿಳಿದ ಸೆಫೀನಾ ತಾಯಿಗೆ ತಲೆ ಬಾಚಿ ಕೂರಿಸಿರುತ್ತಾಳೆ. ಆದರೆ ಕೊಟ್ಟವಳೇ ಕೈಚಾಚಿದಾಗ ಇಲ್ಲ ಎನ್ನುವುದು ಹೇಗೆ? ಚಾಪೆಯನ್ನು ಮುದುಕಿಯ ತೊಡೆಯ ಮೇಲಿಟ್ಟಳು.

ಮಿಸೆಸ್ ಲಿಂಡ್‌ನರ್ ಅದನ್ನು ಬಿಚ್ಚಿ, ಕಣ್ಣು ಕಾಣದವರಂತೆ ಅಂಚನ್ನು ತಡವಿದಳು. ಇಳಕಲ್ಲಿನ ನೇಯ್ಗೆ ಬೆರಳಿಗೆ ಸಿಕ್ಕಿತು. ಮತ್ತೆ ತಡವಿದಳು.

"ಪುಕ್ಕ ಎಲ್ಲಿ?"

ಮಹಾಶ್ವೇತಾ ಹೇಳಿದಳು. ಪೂಜೆ, ಹಕ್ಕಿ, ಕತ್ತರಿ ಎಲ್ಲ ಹೇಳಿ, ಸ್ಟೀಲಿನ ಡಬ್ಬಿ ತೆರೆದು ತೋರಿಸಿದಳು.

"ಅಪ್ಪ ಪಿಯಾನೊ ನುಡಿಸುವಾಗ ಅದರಡಿ ಮಲಗಿ ಆ ಪುಕ್ಕಗಳನ್ನ ಕೆನ್ನೆಗೆ ಒತ್ತಿಕೊಳ್ತಿದ್ದೆ," ಎಂದಳು ಮುದುಕಿ. ದನಿ ಏರಲಿಲ್ಲ. "ಇದು ನನ್ನ ಮನೆಯ ಚಾಪೆ ಅಲ್ಲ. ಏನೋ ಒಂದು ಬಟ್ಟೆ. ತಗೊಂಡು ಹೋಗು. ಯಾರಿಗೆ ಬೇಕೋ ಕೊಟ್ಟುಕೋ."

"ಸಿಟ್ಟಿನಲ್ಲಿ ಹೇಳಬೇಡಿ. ಕೊಡಲಾ?"

"ಹೇಳಿದೆನಲ್ಲ ಶ್ವೇತಾ. ಎಷ್ಟು ಸಲ ಹೇಳಿಸ್ತೀಯಾ?"

ಮಹಾಶ್ವೇತಾ ಬಗ್ಗಿ ಅವಳ ಪಾದ ಮುಟ್ಟಿದಳು. ಮುದುಕಿ ಕಾಲನ್ನು ಹಿಂದೆಳೆದುಕೊಳ್ಳಲಿಲ್ಲ; ಮುಖವನ್ನು ಮಾತ್ರ ಕಿಟಕಿಯಿಂದ ತಿರುಗಿಸಲಿಲ್ಲ.

ಟ್ಯಾಕ್ಸಿಯಲ್ಲಿ ದಾರಿಯುದ್ದಕ್ಕೂ ಮಹಾಶ್ವೇತಾ ಡಬ್ಬಿಯ ಮುಚ್ಚಳ ತೆಗೆಯುತ್ತ ಹಾಕುತ್ತ ಕೂತಳು. ಹಾಳು ಮಾಡಿದ್ದಕ್ಕೇ ಕೈಬಿಟ್ಟಳು ಆಕೆ. ಹಾಳಾದದ್ದನ್ನು ಒಯ್ದು ಈಗ ಇನ್ನೊಬ್ಬಳ ಮುಂದಿಡಬೇಕು.

ಡಾಂಡೆನಾಂಗಿನ ಮನೆಯಲ್ಲಿ ಸೆಫೀನಾಳ ತಾಯಿ ಲೋಸಾ ದಿಂಬಿಗೆ ಒರಗಿ ಕೂತಿದ್ದಳು. ಹತ್ತಿಯಂಥ ಕೂದಲು, ಅಗಲವಾದ ಅಂಗೈ. ಮಹಾಶ್ವೇತಾ ಚಾಪೆಯನ್ನು ಅವಳ ಮುಂದೆ ಹರಡಿದಳು. ಲೋಸಾ ಅದನ್ನು ನಡುವಿನಿಂದ ತುದಿಯವರೆಗೆ ನಿಧಾನ ಸವರುತ್ತ, ಏನನ್ನೋ ಸಣ್ಣ ದನಿಯಲ್ಲಿ ಹೇಳತೊಡಗಿದಳು. ಏರಿಳಿತವಿತ್ತು, ಆದರೆ ಹಾಡಲ್ಲ. ಬಾಲ್ಯದಿಂದ ಇಂಥ ದನಿಗಳ ಮುಂದೆ ಕೂತವಳಾದ ಮಹಾಶ್ವೇತಾಳಿಗೆ ಪದ ತಿಳಿಯದಿದ್ದರೂ ಕೈ ತಾನಾಗಿ ಮುಗಿಯಿತು.

"ಏನು ಹೇಳ್ತಿದ್ದಾರೆ?"

"ಹಡಗು ಹತ್ತಿದವರ ಹೆಸರು," ಎಂದಳು ಸೆಫೀನಾ. "ಇದು ನಮ್ಮದಾ ಅಂತ ಅಮ್ಮನಿಗೂ ಗೊತ್ತಾಗ್ತಿಲ್ಲ. ಅವರಲ್ಲಿ ಯಾರದ್ದೋ ಇರಬಹುದು ಅಂತ ಎಲ್ಲರನ್ನೂ ಕರೀತಿದ್ದಾಳೆ."

ಹೆಸರುಗಳು ಮುಗಿದವು. ಲೋಸಾಳ ಕೈ ಇಳಕಲ್ ದಡಿಯ ಹತ್ತಿರ ಬಂತು. ಮಹಾಶ್ವೇತಾ ಡಬ್ಬಿಯನ್ನು ಮುಂದಿಟ್ಟಳು. ಲೋಸಾ ಮಣ್ಣಿನಲ್ಲಿ ಬೆರಳಿಟ್ಟು ಮೂಸಿದಳು.

"ಹೂತಿದ್ದೆಯಾ?"

"ಹೌದು. ಎಸೆಯೋಕೆ ಆಗಲಿಲ್ಲ."

"ಹೂಳೋದು ಸರಿ. ಕತ್ತರಿಸಿದ್ದು ಸರಿಯಲ್ಲ." ಅವಳು ಡಬ್ಬಿ ಮುಚ್ಚಿದಳು. "ಹರಿದದ್ದಕ್ಕೆ ತೇಪೆ ಹಾಕ್ತೀವಿ ನಾವು. ಪುಕ್ಕ ಉದುರಿದರೆ ಬೇರೆ ಕಟ್ಟಿಸ್ತೀವಿ. ಇದಕ್ಕಿಂತ ಹಳೇದು, ಇದಕ್ಕಿಂತ ಹರಿದದ್ದು ನೋಡಿದ್ದೀನಿ. ಈ ಕೆಂಪು ಬಟ್ಟೆ ಯಾರದು?"

"ನಮ್ಮವ್ವಂದು. ತೀರಿಕೊಂಡಿದ್ದಾಳೆ."

"ಹಾಗಾದರೆ ಅದು ಇಲ್ಲಿರಬಾರದು. ಮನೆಗೆ ಒಯ್ಯಿ." ಮುದುಕಿ ಸೆಫೀನಾಳತ್ತ ಕೈಚಾಚಿ, ಹೊಲಿಗೆ ಡಬ್ಬಿಯಿಂದ ಸಣ್ಣ ಕತ್ತರಿ ತೆಗೆಸಿ, ಅದರ ಹಿಡಿಯನ್ನು ಮಹಾಶ್ವೇತಾಳ ಕಡೆ ತಿರುಗಿಸಿದಳು. "ಹೊಲಿದವಳು ನೀನು. ನೀನೇ ಬಿಚ್ಚು. ಎಲೆ ಹರಿಯದ ಹಾಗೆ."

ಮಹಾಶ್ವೇತಾ ಚಾಪೆ ಬಿಟ್ಟು ಬರಿ ನೆಲದ ಮೇಲೆ ಕೂತಳು. ಎಂದೂ ಬಿಚ್ಚದಿರಲಿ ಎಂದು ಹಾಕಿದ ಎರಡೆಳೆಯ ಹೊಲಿಗೆ. ಒಂದೊಂದು ಗಂಟಿಗೂ ಉಸಿರು ಹಿಡಿಯಬೇಕಾಯಿತು. ಹೊರಗೆ ಬಿಸಿಲು ಇಳಿಯುತ್ತಿತ್ತು. ದಡಿ ಗೇಣುದ್ದ ಬಿಟ್ಟುಬಂದಿತ್ತು ಅಷ್ಟೇ, ಚೀಲದಲ್ಲಿ ಫೋನು ಗುಂಯ್‌ಗುಟ್ಟಿತು.

"ಎಲ್ಲಿದ್ದೀ? ಏರ್‌ಪೋರ್ಟಿಗೆ ಹೊಂಟಿಯಿಲ್ಲೋ?" ಎಂದ ವಿರುಪಾಕ್ಷ.

"ಇಲ್ರೀ."

"ಫ್ಲೈಟ್ ತಪ್ಪತೈತಿ ನೋಡು."

"ತಪ್ಪಲಿ ಬಿಡ್ರಿ. ಇನ್ನೂ ಭಾಳ ಐತಿ," ಎಂದು ಫೋನನ್ನು ಬೋರಲು ಹಾಕಿ, ಮುಂದಿನ ಹೊಲಿಗೆಗೆ ಕತ್ತರಿಯ ತುದಿ ಕೊಟ್ಟಳು. ಲೋಸಾ ಮತ್ತೆ ಮೊದಲನೆಯ ಹೆಸರಿನಿಂದ ಶುರು ಮಾಡಿದಳು.