ಸೀತುವಿನ ವರಾಡ

ಕೋಳಿಯನ್ನು ಕೇಳಿ ಮಸಾಲೆ ಅರೆಯುವುದುಂಟೇ ಎಂದು ಗಾದೆ. ನಮ್ಮ ಶಾಲಾ ಇನ್‌ಸ್ಪೆಕ್ಟರ್ ಸಾಹೇಬರು ಅದಕ್ಕಿಂತ ದೊಡ್ಡ ಮನಸ್ಸಿನವರು. ಮಸಾಲೆ ಅರೆದಾದ ಮೇಲೆ ಕೋಳಿಗಳನ್ನೆಲ್ಲ ಕರೆದು, ಅವಲಕ್ಕಿ ಸಜ್ಜಿಗೆ ಕೊಟ್ಟು, ಅಭಿಪ್ರಾಯ ಕೇಳುತ್ತಿದ್ದರು. ಕೊನೆಗೆ "ಆಗ್ಬಹುದಲ್ಲ?" ಎನ್ನುತ್ತಿದ್ದರು. ನಾವು ಹೆಡ್‌ಮಾಸ್ಟರುಗಳು, ಹೆಡ್‌ಮಿಸ್ಟ್ರೆಸ್ಸುಗಳು ಬಾಯಲ್ಲಿ ಸಜ್ಜಿಗೆ ಇರುವಾಗಲೇ "ಆಗ್ಬಹುದು ಸಾರ್" ಎಂದು ರಾಗ ಎಳೆಯುತ್ತಿದ್ದೆವು. ಅದಕ್ಕೆ ಸರಕಾರದ ಭಾಷೆಯಲ್ಲಿ ಶಾಲೆಗಳೊಡನೆ ಸಮಾಲೋಚನೆ ಎಂದು ಹೆಸರು.

೧೯೭೯ರ ಆ ಸಭೆ ಕುಂಬ್ರದ ಶಾಲೆಯಲ್ಲಿ ನಡೆಯಿತು. ವಿಷಯ ಲೈಲಾ ಟೀಚರದ್ದು. ಅವರು ಸಂಚಾರಿ ಶಿಕ್ಷಕಿ, ದಿನಕ್ಕೊಂದು ಶಾಲೆಗೆ ಹೋಗುವವರು. ನಮ್ಮ ಕಡೆ ಮಕ್ಕಳು ಮನೆಯಲ್ಲಿ ತುಳುವೋ ಬ್ಯಾರಿಯೋ ಮಲಯಾಳವೋ ಮಾತಾಡಿ ಬೆಳೆದು, ಶಾಲೆಗೆ ಬಂದು ಕನ್ನಡ ಪುಸ್ತಕದ ಮುಂದೆ ಕಂಗಾಲಾಗುತ್ತಾರೆ. ಅಂಥವರನ್ನು ಹತ್ತಿರ ಕೂರಿಸಿ, ಅವರವರ ಮಾತಿನಲ್ಲೇ ಅರ್ಥ ಹೇಳಿ ಕನ್ನಡ ಓದಿಸುವುದು ಲೈಲಾ ಟೀಚರ ಕೆಲಸ. ಹೇಗೆ ಓದಿಸಬೇಕೆಂದು ನಮಗೂ ಕಲಿಸುತ್ತಿದ್ದರು. ನನ್ನ ಶಾಲೆಯ ಸಫಿಯಾ ಮೂರನೇ ಕ್ಲಾಸಿಗೆ ಬಂದರೂ ಪಾಠವನ್ನು ಬಾಯಿಪಾಠ ಮಾಡಿ, ಪುಸ್ತಕ ತಲೆಕೆಳಗೆ ಹಿಡಿದು ಗಟ್ಟಿಯಾಗಿ ಓದುತ್ತಿದ್ದ ಹುಡುಗಿ. ಲೈಲಾ ಟೀಚರ ಕೈಗೆ ಸಿಕ್ಕಿದ ಮೇಲೆ ಅವಳ ಪುಸ್ತಕ ನೆಟ್ಟಗಾಯಿತು. ಈಗ ಒಂದೊಂದೇ ಅಕ್ಷರ ಕೂಡಿಸಿ ನಿಜವಾಗಿ ಓದಲು ಹೊರಟಿದ್ದಳು.

ಅಷ್ಟರಲ್ಲಿ ಮೇಲಿನಿಂದ ಬರುತ್ತಿದ್ದ ಹಣ ನಿಂತಿತು. ಇನ್ನು ಈ ಸೇವೆ ಬೇಕಾದರೆ ಶಾಲೆಗಳೇ ಹಣ ಹೊಂದಿಸಬೇಕು. ಹೇಗೆ ಹೊಂದಿಸುವುದೆಂದು ನಮ್ಮನ್ನು ಕೇಳಲು ಸಭೆ.

"ಸುಲಭ ಉಂಟು," ಎಂದರು ಸಾಹೇಬರು. "ಶಾಲೆಗೆ ಬರುವ ಒಂದೊಂದು ಮಗುವಿನ ತಲೆಗೆ ಇಷ್ಟು ಅಂತ ತಂದೆತಾಯಿ ಕೊಡುದು. ಕೊಡದ ಶಾಲೆಗೆ ಟೀಚರ್ ಬರುದಿಲ್ಲ. ಆಗ್ಬಹುದಲ್ಲ?"

"ಆಗ್ಬಹುದು ಸಾರ್."

ನನ್ನ ಬಾಯಿಯೂ ಅರ್ಧ ತೆರೆದಿತ್ತು. ಆದರೆ ಕಣ್ಣ ಮುಂದೆ ಅಲೀಮಮ್ಮ ಬಂದಳು. ಸಫಿಯಾಳ ತಾಯಿ, ಗಂಡ ತೀರಿಕೊಂಡವಳು, ಬೀಡಿ ಕಟ್ಟಿ ಮನೆ ನಡೆಸುವವಳು. ಅವಳ ಮಕ್ಕಳು ನನ್ನ ಶಾಲೆಯ ಪ್ರತಿ ಕ್ಲಾಸಿನಲ್ಲೂ ಒಬ್ಬರಂತೆ ಇದ್ದರು. ತಲೆ ಎಣಿಸಿದರೆ ಊರಿಗೆಲ್ಲ ಹೆಚ್ಚು ಕೊಡಬೇಕಾದವಳು ಅವಳೇ.

"ಆಗ್ಲಿಕ್ಕಿಲ್ಲ ಸಾರ್," ಎಂದೆ.

ಸಭೆಯಲ್ಲಿ ಚಮಚಗಳ ಸದ್ದು ನಿಂತಿತು. ಪಕ್ಕದಲ್ಲಿದ್ದ ದೇವದಾಸ ಮಾಸ್ಟ್ರು ನನ್ನ ಕಡೆಗೆ ಬಾಗಿ, "ಎಂತಕ್ಕೆ ಮಾರಾಯ್ರೆ, ಸುಮ್ಮನೆ ಕೂತ್ಕೊಳ್ಳಿ. ಚಾ ಬರ್ಲಿಕ್ಕುಂಟು," ಎಂದು ಪಿಸುಗುಟ್ಟಿದರು. ಒಳ್ಳೆಯ ಮನುಷ್ಯ, ಚಾ ಬರುವವರೆಗೆ ಯಾರ ಮಾತಿಗೂ ಎದುರಾಡದವರು.

ಸಾಹೇಬರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಬೇರೆ ದಾರಿ ಉಂಟಾ ಊರ್ಮಿಳಾ ಟೀಚರೇ? ಇದ್ರೆ ನಿಮ್ಮ ಊರಲ್ಲಿ ಮಾಡಿ ತೋರಿಸಿ. ಬರುವ ತಿಂಗಳ ಮೀಟಿಂಗಿಗೆ ಮೊದಲು. ಆಗದಿದ್ರೆ ಲಿಸ್ಟಿನಿಂದ ನಿಮ್ಮ ಶಾಲೆ ಬಿಟ್ಟು ಹೋಯ್ತು ಅಂತ ತಿಳ್ಕೊಳ್ಳಿ."

ದಾರಿ ನನಗೆ ಗೊತ್ತಿರಲಿಲ್ಲ. ಸಿಟ್ಟು ಮಾತ್ರ ಇತ್ತು.

ನನ್ನ ಶಾಲೆ ಈಶ್ವರಮಂಗಲದಿಂದ ಆಚೆ, ಕೇರಳದ ಗಡಿಯ ಹತ್ತಿರ. ಮರುದಿನ ಸಂಜೆ ಅಲೀಮಮ್ಮನ ಮನೆಗೆ ಹೋದೆ. ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಜಗಲಿಯಲ್ಲಿ ಮಡಿಲಲ್ಲಿ ಎಲೆ ತುಂಬಿದ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಬೀಡಿ ಸುತ್ತುತ್ತಿದ್ದಳು. ಪಕ್ಕದಲ್ಲಿ ಸಫಿಯಾ ಎಲೆ ಕತ್ತರಿಸುತ್ತಿದ್ದಳು.

"ಟೀಚರೇ, ತಲೆಗೆ ಲೆಕ್ಕ ಹಾಕಿದ್ರೆ ಇವಳನ್ನು ಬಿಡಿಸುದು. ಗಂಡುಮಕ್ಕಳು ಹೋಗ್ಲಿ. ಇವಳು ಬೀಡಿ ಕಟ್ಟಿದ್ರೆ ಅಷ್ಟಾದ್ರೂ ಆಗ್ತದೆ," ಎಂದಳು ತಲೆಯೆತ್ತದೆ. ಆಮೇಲೆ ಕೈ ನಿಲ್ಲಿಸಿದಳು. "ನನಗೆ ಮನಸ್ಸಿಲ್ಲ ಟೀಚರೇ. ನಾನು ಬೋರ್ಡು ಓದ್ಲಿಕ್ಕೆ ಬಾರದೆ ಪುತ್ತೂರಲ್ಲಿ ಯಾವುದೋ ಬಸ್ಸಿಗೆ ಹತ್ತಿ ಸಂಪಾಜೆವರೆಗೆ ಹೋದವಳು. ಊರಿನವರು ಈಗಲೂ ನಗ್ತಾರೆ. ಇವಳಾದ್ರೂ ಓದ್ಲಿ ಅಂತ ಇತ್ತು."

ಸಫಿಯಾ ಕತ್ತರಿ ಬಿಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ಭಾನುವಾರ ಶಾಲೆಯಲ್ಲಿ ಊರಿನವರ ಸಭೆ ಕರೆದೆ. ಶಾಲೆಯ ಸಮಿತಿಗೆ ಅಧ್ಯಕ್ಷರು ಮಹಾಬಲ ರೈಗಳು. ಗುತ್ತಿನ ಮನೆಯವರು, ಅಂದರೆ ಊರಿನ ಹಳೆಯ ಯಜಮಾನಿಕೆಯ ಮನೆತನದವರು. ಊರಿನ ದೊಡ್ಡ ತೋಟ ಅವರದ್ದು. ಅವರ ಮಕ್ಕಳು ಓದುವುದು ಪುತ್ತೂರಿನ ಕಾನ್ವೆಂಟಿನಲ್ಲಿ.

"ಸಾಹೇಬರು ಹೇಳಿದ್ದು ನ್ಯಾಯವೇ ಅಲ್ವಾ ಟೀಚರೇ," ಎಂದರು ರೈಗಳು. ಕುರ್ಚಿ ಒಂದೇ ಇತ್ತು, ಅದರಲ್ಲಿ ಅವರು ಕೂತಿದ್ದರು. "ಊಟ ಮಾಡಿದವರು ಎಲೆ ತೆಗಿಯುದು. ನನ್ನ ಮಕ್ಕಳು ಇಲ್ಲಿ ಬರುದೇ ಇಲ್ಲ. ನಾನು ಎಂತಕ್ಕೆ ಕೊಡುದು?"

ಆಗ ನನಗೆ ದಾರಿ ಕಂಡಿತು. ಎದುರಿಗೇ ಇತ್ತು, ಕುರ್ಚಿಯ ಮೇಲೆ ಕೂತಿತ್ತು.

"ರೈಗಳೇ, ಭೂತದ ನೇಮಕ್ಕೆ ವರಾಡ ಎತ್ತುದು ಹೇಗೆ?"

ವರಾಡ ಎಂದರೆ ನೇಮಕ್ಕೆ, ಅಂದರೆ ಊರಿನ ದೈವದ ಉತ್ಸವಕ್ಕೆ, ಊರಿನವರಿಂದ ಎತ್ತುವ ವಂತಿಗೆ. ನಮ್ಮ ಊರಿನಲ್ಲಿ ಅದನ್ನು ಎತ್ತಿಸುವವರೇ ರೈಗಳು.

"ಭೂಮಿ ನೋಡಿ. ಇದ್ದವರು ಇದ್ದಷ್ಟಕ್ಕೆ. ಅದು ಹಿಂದಿನ ಕ್ರಮ."

"ನೇಮ ನೋಡ್ಲಿಕ್ಕೆ ಬರುವವರ ತಲೆ ಎಣಿಸುದಿಲ್ವಾ?"

"ಛೆ, ಎಂತ ಮಾತಾಡ್ತೀರಿ! ದೈವ ಇಡೀ ಊರಿನದ್ದು."

"ಶಾಲೆ ಯಾರದ್ದು?"

ಹಿಂದಿನಿಂದ ಯಾರೋ ಕೆಮ್ಮಿದರು. ಕೆಮ್ಮಿನಲ್ಲಿ ಸ್ವಲ್ಪ ನಗುವೂ ಇತ್ತು. "ಶಾಲೆಯೂ ದೈವವೂ ಒಂದೇ ಅಲ್ಲ. ಅದನ್ನು ಇದಕ್ಕೆ ಸೇರಿಸ್ಬೇಡಿ," ಎಂದು ರೈಗಳು ಎದ್ದುನಿಂತರು. ಅವರು ಎದ್ದರೆ ಸಭೆ ಮುಗಿಯಿತೆಂದು ಅರ್ಥ. ಅರ್ಧ ಊರು ಅವರೊಟ್ಟಿಗೆ ಎದ್ದಿತು. ಗೆದ್ದೆ ಎಂದುಕೊಂಡವಳು ನಾನು ಕೈಚೆಲ್ಲಿ ನಿಂತೆ.

"ಟೀಚರೇ, ನನಗೂ ಒಂದು ವರಾಡ ಹಾಕಿ."

ಎಂದವಳು ಬಾಗಿಲ ಹತ್ತಿರ ನೆಲದಲ್ಲಿ ಕೂತಿದ್ದ ಸೀತು. ವಯಸ್ಸಾದ ಹೆಂಗಸು. ಮಕ್ಕಳಿಲ್ಲ, ಮೊಮ್ಮಕ್ಕಳೂ ಇಲ್ಲ. ಶಾಲೆಗೆ ಅವಳಿಂದ ಒಂದು ತಲೆಯೂ ಬರುತ್ತಿರಲಿಲ್ಲ. ಅವಳೂ ಅವಳ ಗಂಡನೂ ಬದುಕೆಲ್ಲ ರೈಗಳ ಮನೆಯ ಒಕ್ಕಲಾಗಿ ಗೇಣಿ ಅಳೆದವರು. ಉಳುವವನೇ ಒಡೆಯ ಎಂಬ ಕಾನೂನು ಬಂದಾಗ ಡಿಕ್ಲರೇಶನ್ ಕೊಟ್ಟು, ಕೋರ್ಟು ಅಲೆದು, ಹೋದ ವರ್ಷವಷ್ಟೇ ಒಂದು ತುಂಡು ಗದ್ದೆ ಅವಳ ಹೆಸರಿಗಾಗಿತ್ತು.

"ನಿನಗೆ ಎಂತಕ್ಕೆ ಸೀತು?" ಎಂದರು ರೈಗಳು. "ನಿನ್ನ ಮಕ್ಕಳು ಉಂಟಾ ಶಾಲೆಯಲ್ಲಿ?"

ಸೀತು ಗೋಡೆ ಹಿಡಿದು ಎದ್ದಳು. "ಇಲ್ಲ ಧನಿಗಳೇ. ಭೂಮಿ ಉಂಟು. ಇಷ್ಟು ವರ್ಷ ನಾನು ಗೇಣಿ ಕೊಟ್ಟವಳು, ವರಾಡ ಕೊಟ್ಟವಳಲ್ಲ. ವರಾಡ ಭೂಮಿ ಇದ್ದವರದ್ದು. ಈಗ ನನಗೂ ಉಂಟು. ಹಾಕಿ ಟೀಚರೇ, ಗಟ್ಟಿ ಓದಿ ಹೇಳಿ."

ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಿಂದ ದೊಡ್ಡದಾಗಿ ಅವಳ ಹೆಸರು ಬರೆದೆ. ಗಟ್ಟಿಯಾಗಿ ಓದಿದೆ. ಎದ್ದ ಜನ ನಿಂತಲ್ಲೇ ನಿಂತರು. ಡಿಕ್ಲರೇಶನ್‌ನಲ್ಲಿ ಭೂಮಿ ಸಿಕ್ಕಿದ ಬೋಜ, "ನನ್ನದೂ ಹಾಕಿ" ಎಂದ. ಅವನ ಹಿಂದೆ ಇನ್ನೊಬ್ಬ. ಹಲಗೆ ತುಂಬುತ್ತಾ ಬಂತು. ರೈಗಳು ಬಾಗಿಲವರೆಗೆ ಹೋದವರು ತಿರುಗಿ ಹಲಗೆ ನೋಡಿದರು. ಊರಿನ ಭೂಮಿವಂತರ ಹೆಸರುಗಳೆಲ್ಲ ಇವೆ, ಗುತ್ತಿನ ಹೆಸರಿಲ್ಲ.

"ಬರೀರಿ," ಎಂದರು. "ಎಲ್ಲರಿಗಿಂತ ಹೆಚ್ಚು ನನ್ನದು. ಆದ್ರೆ ಗುತ್ತಿನ ಹೆಸರು ಮೇಲೆ ಬರ್ಬೇಕು. ಅದು ಕ್ರಮ."

"ಮೊದಲು ಹೇಳಿದವರದ್ದು ಮೊದಲು," ಎಂದೆ. "ಇದು ಶಾಲೆಯ ಕ್ರಮ." ಸೀತುವಿನ ಹೆಸರನ್ನು ಅಳಿಸಲಿಲ್ಲ. ರೈಗಳ ಹೆಸರನ್ನು ಕೆಳಗೆ, ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆದೆ. ಅವರು ಧಡಧಡ ಹೊರಟುಹೋದರು. ಆದರೆ ಮರುದಿನ ಬೆಳಿಗ್ಗೆ ಹಣ ಬಂತು.

ಮುಂದಿನ ತಿಂಗಳು ಕುಂಬ್ರದಲ್ಲಿ ಇದನ್ನೆಲ್ಲ ಹೇಳಿದೆ. ಸಾಹೇಬರಿಗೆ ಹಿಡಿಸಲಿಲ್ಲ. "ಭೂಮಿ ನೋಡಿ ಎತ್ತುದು ರಾಜಕೀಯ ಆಗ್ತದೆ ಟೀಚರೇ. ನಾಳೆ ದೊಡ್ಡವರು ನನ್ನ ಮೇಲೆ ಬೀಳ್ತಾರೆ. ಒಂದೊಂದು ಊರಿಗೆ ಒಂದೊಂದು ಕ್ರಮ ಬೇಡ. ಆ ಹಣ ವಾಪಸು ಕೊಡಿ. ಎಲ್ಲ ಶಾಲೆಗೂ ತಲೆಲೆಕ್ಕವೇ. ಆಗ್ಬಹುದಲ್ಲ?"

ರಾಗ ಏಳಲಿಲ್ಲ. ದೇವದಾಸ ಮಾಸ್ಟ್ರು ಸಜ್ಜಿಗೆಯ ಪ್ಲೇಟು ಬೆಂಚಿನ ಮೇಲಿಟ್ಟರು. ಚಾ ಇನ್ನೂ ಬಂದಿರಲಿಲ್ಲ.

"ಆಗ್ಲಿಕ್ಕಿಲ್ಲ ಸಾರ್," ಎಂದರು.

ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬರು, ಕಿಟಕಿಯ ಹತ್ತಿರದಿಂದ ಇನ್ನೊಬ್ಬರು. ಸಾಹೇಬರು ಕನ್ನಡಕ ಒರೆಸಿ, "ನೋಡುವ" ಎಂದು ಎದ್ದುಹೋದರು. ಲೈಲಾ ಟೀಚರು ಬರುವುದು ನಿಲ್ಲಲಿಲ್ಲ. ಸಫಿಯಾಳೂ ನಿಲ್ಲಲಿಲ್ಲ.

ನೋಡುವ ಎಂದವರು ನೋಡದೆ ಬಿಡಲಿಲ್ಲ. ನನಗೆ ಸಂಪಾಜೆಗೆ ವರ್ಗ ಬಂತು, ಘಾಟಿಯ ಬುಡಕ್ಕೆ. ಬೇಸರವಾಗಲಿಲ್ಲ ಎಂದರೆ ಸುಳ್ಳು, ಒಳಗೆ ಹೋಗಿ ಅತ್ತೆ. ಸಾಹೇಬರ ಮುಂದೆ ತಲೆ ತಗ್ಗಿಸಿ ರದ್ದು ಮಾಡಿಸಿಕೊಳ್ಳಿ ಎಂದು ಹಲವರು ಹೇಳಿದರು. ಹೋಗಲಿಲ್ಲ.

ಹೊರಡುವ ದಿನ ಅಲೀಮಮ್ಮ, ಸಫಿಯಾ, ಸೀತು ಈಶ್ವರಮಂಗಲದವರೆಗೆ ಬಂದರು. ನಾನು ಪುತ್ತೂರಿಗೆ ಹೋಗಿ ಅಲ್ಲಿಂದ ಸಂಪಾಜೆಯ ಬಸ್ಸು ಹಿಡಿಯಬೇಕಿತ್ತು. ತಿರುವಿನಲ್ಲಿ ಬಸ್ಸು ಕಂಡಿತು. ಸಫಿಯಾ ಕಣ್ಣು ಕಿರಿದು ಮಾಡಿ, "ಪು, ತ್ತೂ, ರು. ಪುತ್ತೂರು. ನಿಮ್ಮದೇ ಟೀಚರ್," ಎಂದಳು. ಅಲೀಮಮ್ಮ ನಂಬದೆ ಓಡಿಹೋಗಿ ಕಂಡಕ್ಟರನನ್ನು ಕೇಳಿದಳು. ಅವನು ಹೌದೆಂದ ಮೇಲೆ ಮಗಳ ತಲೆಗೊಂದು ಮೊಟಕಿ, ಶಾಲಿನ ತುದಿಯಿಂದ ಕಣ್ಣು ಒರೆಸಿಕೊಂಡಳು.

ನಾನು ಮೆಟ್ಟಿಲಿಗೆ ಕಾಲಿಟ್ಟೆ.

"ನೀವು ಹೋದ ಮೇಲೆ ಪುನಃ ತಲೆಲೆಕ್ಕ ಬಂದ್ರೆ ಎಂತ ಮಾಡುದು ಟೀಚರೇ?" ಎಂದಳು ಅಲೀಮಮ್ಮ.

ಸೀತು ನನ್ನ ಟ್ರಂಕನ್ನು ಬಸ್ಸಿನೊಳಗೆ ದೂಡಿದಳು.

"ಬರ್ಲಿ," ಎಂದಳು. "ಹಲಗೆಯಲ್ಲಿ ಮೊದಲ ಹೆಸರು ನನ್ನದು. ಉದ್ದಿ ಅಳಿಸ್ಲಿಕ್ಕೆ ಯಾರು ಬರ್ತಾರೆ, ನಾನೂ ನೋಡ್ತೇನೆ."