ಮಚ್ಛೇಂದ್ರನ ಕೈಗುಣ

"ಸಾವಕಾಶ ಎತ್ತರಿ, ಒಳಗ ನೀರ ಅವ," ಎಂದು ಧಮ್ಮಪಾಲ ಹೇಳುತ್ತಿದ್ದಂತೆ ಇಬ್ಬರು ಗಂಡಸರು ರತ್ನಗಂಬಳಿ ತೊಳೆಯುವ ಯಂತ್ರವನ್ನು ನಡುಮನೆಯಿಂದ ಅಂಗಳಕ್ಕೆ ಸಾಗಿಸಿದರು. ಅದು ನಿಂತಿದ್ದ ಜಾಗದಲ್ಲಿ ತೀರಿಕೊಂಡ ಅವನ ಅಪ್ಪ ಮಚ್ಛೇಂದ್ರನನ್ನು ಮಲಗಿಸಬೇಕಿತ್ತು. ಚಿದ್ರಿಯ ಆ ಮನೆಯಲ್ಲಿ ಇಬ್ಬರಿಗೂ ಒಟ್ಟಿಗೆ ಜಾಗವಿರಲಿಲ್ಲ.

ಶಾಲುಬಾಯಿ ಗಂಡನ ತಲೆಯ ಬಳಿ ಕೂತಳು. ಸತ್ತವರ ಮನೆಯಲ್ಲಿ ಹೊಗಳಿಕೆಗೆ ಬರವಿರುವುದಿಲ್ಲ. ಕಂಪನಿಯವರೇ ಕೈಬಿಟ್ಟ ವ್ಯಾಕ್ಯೂಮ್ ಕ್ಲೀನರುಗಳನ್ನು ಮಚ್ಛೇಂದ್ರ ಎರಡೇ ದಿನದಲ್ಲಿ ಗುಂಯ್ಯೆನಿಸಿ ಕೊಡುತ್ತಿದ್ದನಂತೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು.

ಮದುವೆ ಹಾಲ್ ನಡೆಸುವ ಅಬ್ದುಲ ಗಫೂರ ಕಣ್ಣೊರೆಸಿಕೊಂಡ. ಅಂಗಳದಲ್ಲಿದ್ದ ಯಂತ್ರ ಅವನದೇ. "ಹೋದ ತಿಂಗಳ ಇದರ ಮೋಟರ ಸುಟ್ಟಿತ್ತರಿ, ಹೊಸದರಂಗ ಮಾಡಿ ಕೊಟ್ರು. ಈಗ ನೀರ ಬಿಡ್ತದ, ವಾಪಸ ಎಳಕೊಳ್ಳಲ್ಲ. ಅಂಥ ಕೈಗುಣ ಇನ್ನ ಎಲ್ಲಿ ಸಿಗ್ತದರಿ?"

ಮುಚ್ಚಳದ ರಬ್ಬರ್ ಸೀಳಿದೆ, ಗಾಳಿ ಅಲ್ಲೇ ಸೋರುತ್ತಿದೆ, ಅರ್ಧ ಗಂಟೆಯ ಕೆಲಸ. ಶಾಲುಬಾಯಿಗೆ ಅದು ನಿನ್ನೆಯೇ ಗೊತ್ತಾಗಿತ್ತು.

*

ಒಂಬತ್ತು ವರ್ಷದ ಹಿಂದೆ ಮಚ್ಛೇಂದ್ರನ ಕೈ ನಡುಗತೊಡಗಿತ್ತು. ಸ್ಕ್ರೂ ಡ್ರೈವರ್ ಹಿಡಿದರೆ ಸ್ಕ್ರೂ ಸಿಗುತ್ತಿರಲಿಲ್ಲ. ಬಾಗಿಲು ಮುಚ್ಚಿ ಹೆಂಡತಿಯನ್ನು ಎದುರು ಕೂರಿಸಿಕೊಂಡು ಕೆಲಸ ಕಲಿಸಿದ. ಮೊದಲು ಬ್ರಷ್ಷಿಗೆ ಸುತ್ತಿದ ಕೂದಲು ಕತ್ತರಿಸುವುದು, ಆಮೇಲೆ ಬೆಲ್ಟು, ಆಮೇಲೆ ಬೇರಿಂಗು. ವರ್ಷ ತುಂಬುವಷ್ಟರಲ್ಲಿ ಅವಳು ಮೋಟರಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದಳು, ಅವನಿಗಿಂತ ಸರಿಯಾಗಿ. ಗಿರಾಕಿ ಬಂದರೆ ಅವಳು ಅಡುಗೆಮನೆಗೆ, ಅವನು ಬಾಗಿಲಿಗೆ.

"ನಾ ಇರೋತನ ಯಾರ ಮುಂದೂ ಹೇಳಬ್ಯಾಡ. ಮಗನಿಗಿ ಸೈತ," ಎಂದಿದ್ದ.

ಅವಳಿಗೆ ಸಿಟ್ಟು ಬಂದಿತ್ತು, ಪಾಪ ಎಂದೂ ಅನಿಸಿತ್ತು. ಹೂಂ ಅಂದಿದ್ದಳು.

*

ಬೌದ್ಧ ಭಿಕ್ಷು ಭಂತೇಜಿ ತ್ರಿಶರಣ ಹೇಳಿಸಿದ ಮೇಲೆ ಧಮ್ಮಪಾಲ ರಿಪೇರಿ ಸಾಮಾನಿನ ಪೆಟ್ಟಿಗೆಯನ್ನು ಗಫೂರನ ಮುಂದಿಟ್ಟ. ಔರಾದಿನಲ್ಲಿ ಇದೇ ಕೆಲಸದವನೊಬ್ಬ ಇದ್ದಾನಂತೆ, ಅಪ್ಪನ ಹೆಸರಲ್ಲಿ ಅವನಿಗೆ ದಾನ ಕೊಡಿ, ಯಂತ್ರವನ್ನೂ ಅಲ್ಲಿಗೇ ಒಯ್ಯಿರಿ ಎಂದ. ಆಮೇಲೆ ತಾಯಿಯ ಕಡೆ ಬಗ್ಗಿದ.

"ನೀ ಭಾಲ್ಕಿಗಿ ಬಾ ಅವ್ವ. ನನ್ನ ಮನ್ಯಾಗ ಆರಾಮ ಕೂಡು. ಇವೆಲ್ಲ ನಿನಗ ಯಾತಕ್ಕ?"

ಕೊಟ್ಟ ಮಾತಿನ ಗಡುವು ಮುಗಿದಿತ್ತು. ಈಗ ಬಾಯಿ ಬಿಟ್ಟರೆ ಪೆಟ್ಟಿಗೆ ಉಳಿಯುತ್ತದೆ, ಕೆಲಸ ಉಳಿಯುತ್ತದೆ. ಆದರೆ ಅವನನ್ನು ಮುಂದೆ ಮಲಗಿಸಿಕೊಂಡು, ಇಷ್ಟು ಜನರೆದುರು, ಆ ಕೈಗುಣ ಇವನದಲ್ಲ ಎನ್ನುವುದು ಹೇಗೆ?

"ಧಮ್ಮಾ," ಎಂದಳು.

ಮಗ ತಿರುಗಿದ. ಎಲ್ಲರೂ ತಿರುಗಿದರು.

"ಪೆಟ್ಟಿಗಿ ಭಾರ ಅದ. ತಳ ಹಿಡದು ಎತ್ತು."

ಪೆಟ್ಟಿಗೆಯನ್ನೂ ಯಂತ್ರವನ್ನೂ ಹೇರಿಕೊಂಡು ಆಟೋ ಹೊರಟಿತು. ಗಂಡನ ಮೇಲೆ ಹೂವಿಡುವ ಮೊದಲು ಕೈ ತೊಳೆಯಬೇಕೆಂದು ನಾದಿನಿ ಸುಂದರಬಾಯಿ ನೀರು, ಸಾಬೂನು ತಂದಳು. ಶಾಲುಬಾಯಿಯ ಉಗುರುಸಂದಿಗಳಲ್ಲಿ ನಿನ್ನೆ ಬಿಚ್ಚಿದ ಮೋಟರಿನ ಮಸಿ ಕೂತಿತ್ತು.

"ಇಷ್ಟ ಮಸಿ ಎಲ್ಲಿದು ವೈನಿ?"

"ಒಲೀದು," ಎಂದಳು.

ಆ ಮನೆಗೆ ಗ್ಯಾಸ್ ಬಂದು ಹದಿನೈದು ವರ್ಷವಾಗಿತ್ತು. ಸುಂದರಬಾಯಿ ಮತ್ತೇನೂ ಕೇಳದೆ ಒಂದೊಂದೇ ಬೆರಳು ಹಿಡಿದು, ಉಗುರು ಬೆಳ್ಳಗಾಗುವವರೆಗೆ ತಿಕ್ಕಿದಳು.