ಎಂಟನೆಯ ಕೈ

ರಾಯಚೂರಿನ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ರಾಜ್ಯಶಾಸ್ತ್ರ ಕಲಿಸಿದ ಕಾವೇರಿಬಾಯಿಯವರಿಗೆ ತಮ್ಮ ಒಂದು ಪಾಠದ ಮೇಲೆ ಬಹಳ ಅಭಿಮಾನ. ಐನೂರು ವರ್ಷಗಳ ಹಿಂದೆ ಇಟಲಿಯ ಫ್ಲಾರೆನ್ಸಿನಲ್ಲಿ ಸರ್ಕಾರಿ ಕಾರ್ಯದರ್ಶಿಯಾಗಿದ್ದು, ಕೆಲಸ ಕಳೆದುಕೊಂಡು, ಸೆರೆಮನೆ ಕಂಡು, ಕಡೆಗೆ ಹಳ್ಳಿಯಲ್ಲಿ ಕೂತು ಅಧಿಕಾರದ ಬಗ್ಗೆ ಬರೆದ ಚಿಂತಕನೊಬ್ಬನ ಪಾಠ ಅದು. ಜನ ಹೇಗಿರಬೇಕು ಎಂಬುದನ್ನು ಬಿಟ್ಟು, ಹೇಗಿದ್ದಾರೆ ಎಂಬುದನ್ನು ನೋಡಿದವನು ಅವನು. ಆ ಪಾಠ ಬಂದಾಗ ಬಾಯಿಯವರು ಮೇಜು ಕುಟ್ಟಿ ಹೇಳುತ್ತಿದ್ದರು: "ಪ್ರೀತಿ ಮಾಡೋದು, ಬಿಡೋದು ಮಂದಿ ಇಚ್ಛಾ. ಅಂಜಿಸೋದು ಮಾತ್ರ ಆಳೋರ ಕೈಯಾಗ ಅದ. ತಮ್ಮ ಕೈಯಾಗ ಇರೋದನ್ನ ನಂಬಬೇಕು."

ನಿವೃತ್ತರಾದ ಆರನೇ ವರ್ಷ ಅವರಿಗೆ ಒಂದು ಸುದ್ದಿ ಬಂತು. ದೇವದುರ್ಗದ ಕಡೆಯ ಹಳ್ಳಿಯಿಂದ ಬಂದು ತಮ್ಮ ಬಳಿ ಓದಿದ್ದ ಮಲ್ಲೇಶ್ವರಿ, ಹೊಲದ ಕೂಲಿ ಮಾಡುವ ಬೂದೆಮ್ಮನ ಮಗಳು, ಈಗ ತನ್ನೂರಿನ ಗ್ರಾಮ ಪಂಚಾಯಿತಿ ಅಧ್ಯಕ್ಷೆ. ಅವಳ ಮೇಲೆ ಅವಿಶ್ವಾಸ ನಿರ್ಣಯ ತಂದಿದ್ದಾರೆ, ಬುಧವಾರ ಮತ ಹಾಕುತ್ತಾರೆ. ಬಾಯಿಯವರು ಸೋಮವಾರವೇ ಚೀಲ ಹಿಡಿದು ದೇವದುರ್ಗದ ಬಸ್ಸು ಹತ್ತಿದರು. ತಮ್ಮ ವಿದ್ಯೆ ಬೇಕಾಗುವ ಹೊತ್ತು ಇದೇ ಎಂದು ಅವರಿಗೆ ಖಾತ್ರಿಯಿತ್ತು.

ಜಗಳ ನೀರಿನದು. ಟ್ಯಾಂಕಿನಿಂದ ಹೊರಡುವ ದೊಡ್ಡ ಪೈಪಿಗೆ ಮೇಲಿನ ಓಣಿಯ ಒಂಬತ್ತು ಮನೆಯವರು ಕಳ್ಳ ನಳ ಜೋಡಿಸಿಕೊಂಡಿದ್ದರು. ಹೀಗಾಗಿ ಊರ ಕೊನೆಯಲ್ಲಿರುವ ಕೆಳಗಿನ ಓಣಿಗೆ ವಾರಕ್ಕೆ ನಾಲ್ಕು ಕೊಡವೂ ಬರುತ್ತಿರಲಿಲ್ಲ. ಒಂಬತ್ತನ್ನೂ ಕೀಳಿಸುತ್ತೇನೆಂದು ಮಲ್ಲೇಶ್ವರಿ ನೋಟಿಸು ಅಂಟಿಸಿದಳು. ಮರುದಿನವೇ ಪಂಚಾಯಿತಿಯ ಹಿರಿಯ ಸದಸ್ಯ ಹನುಮಂತರಾಯ ಆರು ಮಂದಿ ಸದಸ್ಯರನ್ನು ಕ್ರೂಸರ್ ಗಾಡಿಯಲ್ಲಿ ಕೂರಿಸಿಕೊಂಡು ಮಾನ್ವಿಯ ಲಾಡ್ಜಿಗೆ ಹೋದ. ಒಟ್ಟು ಸದಸ್ಯರು ಹನ್ನೊಂದು. ಅಧ್ಯಕ್ಷೆಯನ್ನು ಇಳಿಸಲು ಎಂಟು ಕೈ ಬೇಕು. ಅವನ ಕಡೆ ಅವನೂ ಸೇರಿ ಏಳು. ಎಂಟನೆಯದು ಮೇಲಿನ ಓಣಿಯ ಸದಸ್ಯೆ ಬಾಲಮ್ಮನದು. ಅವಳು ಯಾವ ಕಡೆಗೂ ಹೋಗದೆ ಮನೆಯಲ್ಲೇ ಇದ್ದಳು. ಕಳ್ಳ ನಳ ಅವಳ ಮನೆಗೂ ಇತ್ತು.

"ಸರಳ ಅದ," ಎಂದರು ಬಾಯಿಯವರು, ಆ ರಾತ್ರಿ ಮಲ್ಲೇಶ್ವರಿಯ ಮನೆಯಲ್ಲಿ ಊಟಕ್ಕೆ ಕೂತು. "ಬಾಲಮ್ಮನ್ನ ಕರಿ. ಕೈ ಎತ್ತಲಿಲ್ಲಂದ್ರ ನಿನ್ನ ನಳ ಉಳೀತದ, ಎತ್ತಿದ್ರ ಪೊಲೀಸರು ಬರ್ತಾರ ಅಂತ ಹೇಳು. ಅಂಜತಾಳ."

ಮಲ್ಲೇಶ್ವರಿ ರೊಟ್ಟಿಯ ತಟ್ಟೆಯನ್ನು ಅವರ ಮುಂದಿಟ್ಟು ಕೂತಳು. "ಅಂಜತಾಳ್ರೀ ಮೇಡಂ. ಬುಧವಾರ ತನಕ. ಗುರುವಾರದಿಂದ ದ್ವೇಷ ಮಾಡ್ತಾಳ. ಆಳೋರು ಅಂಜಿಸಬಹುದು, ಆದ್ರ ಮಂದಿ ದ್ವೇಷ ಕಟ್ಟಿಕೋಬಾರದು ಅಂತ ಅದೇ ಪಾಠದಾಗ ಮುಂದಿನ ಹಾಳ್ಯಾಗ ಇತ್ತಲ್ರೀ. ದೊಡ್ಡವರಿಗೆ ತುಳಿಯೋ ಆಸಿ, ಮಂದಿಗೆ ತುಳಿಸಿಕೊಳ್ಳಬಾರದು ಅನ್ನೋದಷ್ಟ ಆಸಿ. ಅದೂ ಇತ್ತು."

ಇತ್ತು. ಪರೀಕ್ಷೆಗೆ ಬರುವುದಿಲ್ಲವೆಂದು ಆ ಪುಟವನ್ನು ಬಾಯಿಯವರು ಪ್ರತಿ ವರ್ಷ ಹಾರಿಸಿಬಿಡುತ್ತಿದ್ದರು. ಅವರು ರೊಟ್ಟಿ ಮುರಿದರು. ಈ ಹುಡುಗಿ ಅದನ್ನು ಯಾವಾಗ ಓದಿದಳು?

ಮಂಗಳವಾರ ಬೆಳಿಗ್ಗೆ ಪಂಚಾಯಿತಿಯ ನೀರು ಬಿಡುವ ಹಫೀಜ್, ನಳ ಬಿಚ್ಚುವ ಪಾನಾ ಹಿಡಿದು ಬಂದ. ಮಲ್ಲೇಶ್ವರಿ ಅವನನ್ನು ಮೊದಲು ಕರೆದುಕೊಂಡು ಹೋದದ್ದು ತನ್ನ ಅಣ್ಣ ಮುದುಕಪ್ಪನ ಮನೆಗೆ. ಒಂಬತ್ತರಲ್ಲಿ ಒಂದು ಅವನದು.

"ನೀ ನನ್ನ ತಂಗಿ ಏನು, ವೈರಿ ಏನು?" ಮುದುಕಪ್ಪ ಬೀದಿಗೆ ಬಂದು ಕೂಗಾಡಿದ.

"ಮನ್ಯಾಗ ತಂಗಿ ಯಣ್ಣಾ. ಇಲ್ಲಿ ಅಧ್ಯಕ್ಷಿ. ಹಫೀಜಣ್ಣ, ತಿರುವು."

ಊರೆಲ್ಲ ನೋಡುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಎಂಟು ನಳ ಕಿತ್ತಾಗಿತ್ತು. ಕೊನೆಗೆ ಉಳಿದದ್ದು ಬಾಲಮ್ಮನ ಮನೆ. ಬಾಲಮ್ಮ ಹೊಸ್ತಿಲ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ನಾಳೆ ನನ್ನ ಕೈ ಮ್ಯಾಲ ನಿನ್ನ ಖುರ್ಚಿ ನಿಂತದ, ಗೊತ್ತದೇನು?"

"ಗೊತ್ತದ ಯವ್ವಾ."

"ಗೊತ್ತಿದ್ದೂ ಕೀಳಸ್ತೀ?"

"ಕೀಳಸ್ತೀನಿ."

ಬಾಲಮ್ಮ ಬಾಗಿಲು ಹಾಕಿಕೊಂಡಳು. ಹಫೀಜ್ ಒಂಬತ್ತನೆಯ ನಳವನ್ನೂ ಕಿತ್ತ. ಮುಗಿಯಿತು ಎಂದುಕೊಂಡರು ಬಾಯಿಯವರು. ಅಷ್ಟರಲ್ಲಿ ಕೆಳಗಿನ ಓಣಿಯಿಂದ ಹೆಂಗಸರ ಗದ್ದಲ ಕೇಳಿಬಂತು. ಅಲ್ಲಿ ನಳದಲ್ಲಿ ನೀರು ಬಂದಿತ್ತು. ಆ ಓಣಿಯ ಸದಸ್ಯೆ ಉಮ್ಮೇ ಕುಲ್ಸುಮ್ ಒದ್ದೆ ಸೆರಗಿನಲ್ಲೇ ಓಡಿ ಬಂದು ಮಲ್ಲೇಶ್ವರಿಯ ಕೈ ಹಿಡಿದುಕೊಂಡಳು.

ಬುಧವಾರ ಸಹಾಯಕ ಆಯುಕ್ತರು ಪಂಚಾಯಿತಿ ಕಚೇರಿಗೆ ಬಂದು ಸಭೆ ನಡೆಸಿದರು. ಬಾಯಿಯವರು ಹೊರಗೆ ಜನರ ನಡುವೆ ಕಿಟಕಿಯ ಸರಳು ಹಿಡಿದು ನಿಂತರು. ನಿರ್ಣಯದ ಪರ ಇರುವವರು ಕೈ ಎತ್ತಬೇಕೆಂದು ಆಯುಕ್ತರು ಹೇಳಿದರು. ಒಂದೊಂದಾಗಿ ಏಳು ಕೈ ಮೇಲೆದ್ದವು. ಬಾಲಮ್ಮನ ಕೈ ಸೆರಗಿನೊಳಗೇ ಇತ್ತು.

"ಯವ್ವಾ, ಎತ್ತು," ಎಂದ ಹನುಮಂತರಾಯ.

ಬಾಲಮ್ಮ ಎದ್ದು ನಿಂತಳು. "ಆಕಿ ಮ್ಯಾಲ ನಂಗ ಉರಿ ಉರಿ ಸಿಟ್ಟದ. ನಿನ್ನೆ ನನ್ನ ನಳ ಕಿತ್ತಾಳ. ಆದ್ರ ನಂದಕ್ಕಿಂತ ಮೊದಲ ತನ್ನ ಅಣ್ಣಂದು ಕಿತ್ತಾಳ. ನೀ ಆ ಖುರ್ಚ್ಯಾಗ ಇದ್ದಿದ್ರ ಯಾರ ನಳ ಉಳೀತಿತ್ತು, ಯಾರದು ಹೋಗ್ತಿತ್ತು, ಎಲ್ಲಾರಿಗೂ ಗೊತ್ತದ ಬಿಡಪಾ. ನಾ ಎತ್ತಂಗಿಲ್ಲ."

ಆಯುಕ್ತರು ಏಳು ಎಂದು ಬರೆದುಕೊಂಡರು. ನಿರ್ಣಯ ಬಿತ್ತು. ಹೊರಗೆ ಯಾರೋ ಸೀಟಿ ಹೊಡೆದರು.

ಹನುಮಂತರಾಯ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ನಡೆದಿದ್ದ. ಮಲ್ಲೇಶ್ವರಿ ಎದ್ದು ನಿಂತಳು. "ಕಾಕಾ, ಹೋಗಬ್ಯಾಡ್ರಿ. ನೀರಿನ ಪಾಳಿ ಬರಿಯೋದದ. ನಿಮ್ಮ ಓಣಿಗೆ ಯಾವ ಹೊತ್ತು ಬೇಕು, ನೀವ ಹೇಳ್ರಿ."

ಅವನು ಬಾಗಿಲಿಂದ ತಿರುಗಿ ಬಂದು ಕೂತ. "ಮುಂಜಾನಿ ಆರಕ್ಕ," ಎಂದ, ಯಾರ ಮುಖವನ್ನೂ ನೋಡದೆ.

ಇದು ದೊಡ್ಡ ಮನಸ್ಸೋ, ಜಾಣತನವೋ? ಬಾಯಿಯವರಿಗೆ ತಿಳಿಯಲಿಲ್ಲ. ಮೂವತ್ತೊಂದು ವರ್ಷ ಕಲಿಸಿದ ಮೇಲೂ ತಿಳಿಯದ್ದನ್ನು ಈ ಹುಡುಗಿ ಮಾಡಿ ತೋರಿಸಿದಳಲ್ಲ ಎಂದು ಎದೆ ತುಂಬಿ ಬಂತು. ಪಕ್ಕದಲ್ಲಿದ್ದ ಮುದುಕನೊಬ್ಬ ಅವರ ಕೈಮಗ್ಗದ ಸೀರೆಯನ್ನೂ ಕನ್ನಡಕವನ್ನೂ ನೋಡಿ ಕೇಳಿದ: "ನೀವ್ಯಾರ್ರೀ ಬಾಯಾರ? ಆಫೀಸರೇನ್ರೀ?"

"ಅಲ್ಲಪಾ," ಎಂದರು ಕಾವೇರಿಬಾಯಿ. ಒಳಗೆ ಕೂತವರೆಲ್ಲ ಕಿಟಕಿಯತ್ತ ತಿರುಗುವಷ್ಟು ಜೋರಾಗಿ ಹೇಳಿದರು: "ಆಕಿ ನನ್ನ ವಿದ್ಯಾರ್ಥಿನಿ!"